ಇನ್ನೂರ ಹದಿನಾಲ್ಕು ವಾಪಸ್

ಇಪ್ಪತ್ತನಾಲ್ಕು ವರ್ಷ ಒಂದೇ ಕೋಣೆಯಲ್ಲಿ ನಿಂತು ಕೆಲಸ ಮಾಡಿದ ನನ್ನ ಅಕ್ಕನ ಕೈಗೆ ಆಸ್ಪತ್ರೆಯವರು ಒಂದು ಹಾಳೆ ಕೊಟ್ಟು, ‘ನಿಮ್ಮ ಕೆಲಸವನ್ನು ಪರಿಣಾಮಕಾರಿಯಾಗಿ ವಿವರಿಸಿ, ನಿಮ್ಮನ್ನೇ ಯಾಕೆ ಆರಿಸಬೇಕು ತಿಳಿಸಿ’ ಎಂದು ಕೇಳಿದರು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕೇಳಿದವರು ಮೂರನೇ ಮಹಡಿಯಲ್ಲಿ ಕೂರುವವರು. ಅಕ್ಕನ ಕೋಣೆ ನೆಲಮಾಳಿಗೆಯಲ್ಲಿದೆ. ಲಿಫ್ಟಿನಲ್ಲಿ ಒಂದು ಗುಂಡಿ ಒತ್ತಿ ಕೆಳಗಿಳಿದು ಬಂದು ಹತ್ತು ನಿಮಿಷ ನಿಂತು ನೋಡಿದ್ದರೆ ಆ ಹಾಳೆಯೇ ಬೇಕಿರಲಿಲ್ಲ. ಇಳಿದು ಬರಲು ಯಾರಿಗೂ ಪುರಸೊತ್ತಿಲ್ಲ, ಹಾಳೆ ಹಂಚಲು ಮಾತ್ರ ಎಲ್ಲರಿಗೂ ಪುರಸೊತ್ತು.

ಆ ಕೋಣೆಯಲ್ಲಿ ನಡೆಯುವುದು ಇಷ್ಟು. ಆಪರೇಷನ್ ಮುಗಿದ ಮೇಲೆ ಕತ್ತರಿ, ಚಿಮಟ, ರಕ್ತನಾಳ ಹಿಡಿಯುವ ಕ್ಲ್ಯಾಂಪು, ಎಲ್ಲ ರಕ್ತ ಮೆತ್ತಿಕೊಂಡು ಟ್ರೇಗಳಲ್ಲಿ ಕೆಳಗೆ ಬರುತ್ತವೆ. ಗೋಡೆಯ ಆಚೆ ಬದಿಯವರು ತೊಳೆಯುತ್ತಾರೆ. ಗೋಡೆಯಲ್ಲೊಂದು ಚಿಕ್ಕ ಕಿಟಕಿ. ತೊಳೆದದ್ದು ಅದರಿಂದ ಈಚೆಗೆ ಬರುತ್ತದೆ. ಈಚೆ ನಿಂತಿರುವುದು ಅಕ್ಕ. ದೀಪ ಕೂರಿಸಿದ ಭೂತಗನ್ನಡಿಯ ಕೆಳಗೆ ಒಂದೊಂದನ್ನೂ ತೆರೆದು, ಮುಚ್ಚಿ, ಹಲ್ಲಿನ ಸಂದಿ, ಕೀಲಿನ ಸಂದಿ ನೋಡುತ್ತಾಳೆ. ಸರಿಯಿದ್ದರೆ ಎಣಿಸಿ ಜೋಡಿಸಿ, ಹಸಿರು ಬಟ್ಟೆಯಲ್ಲಿ ಸುತ್ತಿ ಆವಿಯ ಯಂತ್ರಕ್ಕೆ ಕಳಿಸುತ್ತಾಳೆ. ಕೀಲಿನೊಳಗೆ ಸಾಸಿವೆಯ ಕಾಲು ಭಾಗದಷ್ಟು ರಕ್ತ ಒಣಗಿ ಕೂತಿದ್ದರೂ ಇಡೀ ಸೆಟ್ಟನ್ನು ಅದೇ ಕಿಟಕಿಯಿಂದ ಹಿಂದಕ್ಕೆ ತಳ್ಳುತ್ತಾಳೆ. ಅದಕ್ಕೆ ಅವರ ಮಾತಿನಲ್ಲಿ ‘ವಾಪಸ್’ ಎಂದು ಹೆಸರು. ಕೊಳೆಗೆ ಎಷ್ಟು ಆವಿ ಕೊಟ್ಟರೂ ಅದು ಬೇಯುತ್ತದೆಯೇ ಹೊರತು ಬಿಟ್ಟುಹೋಗುವುದಿಲ್ಲ ಎಂದು ಅವಳೇ ನನಗೆ ಹೇಳಿಕೊಟ್ಟದ್ದು. ಪ್ರತಿ ಸೆಟ್ಟಿನ ಮೇಲೂ ಕಟ್ಟಿದವರ ನಂಬರಿನ ಚೀಟಿ ಇರುತ್ತದೆ. ಅಕ್ಕನದು ನಾಲ್ಕು.

ಮನೆಯಲ್ಲೂ ಅವಳು ಹಾಗೆಯೇ. ಲೋಟವನ್ನು ಬೆಳಕಿಗೆ ಹಿಡಿಯದೆ ನೀರು ಕುಡಿದವಳಲ್ಲ. ನೆಂಟರ ಮನೆಯಲ್ಲಿ ಚಮಚ ತಿರುಗಿಸಿ ನೋಡಿ ನನ್ನ ಮಾನ ಎಷ್ಟು ಸಲ ಕಳೆದಿದ್ದಾಳೋ ಲೆಕ್ಕವಿಲ್ಲ. ಬಸ್ ಓಡಿಸುವ ನಮ್ಮ ಭಾವ, “ನನ್ನನ್ನೂ ಮದುವೆಗೆ ಮುಂಚೆ ಬೆಳಕಿಗೆ ಹಿಡಿದು ನೋಡಿದ್ಳು. ಅವತ್ತು ಮೋಡ ಇತ್ತು, ಬಚಾವಾದೆ” ಎನ್ನುತ್ತಾರೆ. ಕೋಣೆಯವರು ಅವಳಿಗಿಟ್ಟ ಅಡ್ಡಹೆಸರು ‘ಭೂತಗನ್ನಡಿ’. ಅವಳೆದುರೇ ಹಾಗೆ ಕರೆಯುತ್ತಾರೆ, ಅವಳು ಓಗೊಡುತ್ತಾಳೆ.

ನಾನು ಅವಳಿಗೆ ತದ್ವಿರುದ್ಧ. ಆಸ್ಪತ್ರೆಯ ಎದುರಿನ ರಸ್ತೆಯಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಕೆಲಸ ಹುಡುಕುವವರಿಗೆ, ಬಡ್ತಿ ಕೇಳುವವರಿಗೆ ಅವರ ಬಗ್ಗೆ ಚೆಂದವಾಗಿ ಒಂದು ಪುಟ ಬರೆದುಕೊಡುವುದರಲ್ಲಿ ನನ್ನ ಕೈ ಪಳಗಿದೆ. ಗೇಟು ಕಾಯುವವನು ನನ್ನ ಪುಟದಲ್ಲಿ ‘ಭದ್ರತಾ ನಿರ್ವಹಣೆಯಲ್ಲಿ ಹನ್ನೊಂದು ವರ್ಷದ ಅನುಭವಿ’ ಆಗುತ್ತಾನೆ. ಫೋನು ಎತ್ತುವವಳು ‘ಸಂಸ್ಥೆಯ ಮೊದಲ ಧ್ವನಿ’ ಆಗುತ್ತಾಳೆ. ಸುಳ್ಳು ಬರೆಯುವುದಿಲ್ಲ, ಇದ್ದದ್ದಕ್ಕೆ ಇಸ್ತ್ರಿ ಹಾಕುತ್ತೇನೆ ಅಷ್ಟೇ ಎಂದು ಹನ್ನೆರಡು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಬಾಗಿಲಿಗೆ ಬಂದ ಕೆಲಸವನ್ನು ಬೇಡ ಎಂದವಳಲ್ಲ.

ಕಳೆದ ವರ್ಷ ಆ ಕೋಣೆಯ ಮೇಲ್ವಿಚಾರಕರು ನಿವೃತ್ತರಾದರು. ಆ ಜಾಗಕ್ಕೆ ಅರ್ಜಿ ಕರೆದು ಹಂಚಿದ್ದೇ ಆ ಹಾಳೆ. ಆ ಜಾಗದ ಜೊತೆಗೆ ಒಂದು ಕುರ್ಚಿಯೂ ಬರುತ್ತದೆ. ಇಡೀ ಕೋಣೆಯಲ್ಲಿ ಇರುವುದು ಅದೊಂದೇ ಕುರ್ಚಿ, ಉಳಿದವರೆಲ್ಲ ನಿಂತೇ ಕೆಲಸ ಮಾಡಬೇಕು. ಅಕ್ಕನ ಎರಡೂ ಮೊಣಕಾಲು ಹೋಗಿವೆ. ಮನೆಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಾಳೆ, ಯಾರಾದರೂ ನೋಡಿದರೆ ಗೋಡೆಯ ಧೂಳು ಒರೆಸಿದಂತೆ ನಟಿಸುತ್ತಾಳೆ. ಅವಳಿಗೆ ಇನ್ನೂ ಆರು ವರ್ಷ ಸೇವೆಯಿದೆ. ಆ ಕುರ್ಚಿ ಸಿಕ್ಕರೆ ಅಷ್ಟು ವರ್ಷ ಕಳೆಯುತ್ತದೆ, ಸಿಗದಿದ್ದರೆ ಯಾವತ್ತೋ ಒಂದು ದಿನ ಕಾಲು ಸೋತು ಬಿಟ್ಟು ಬರಬೇಕು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೊದಲು ನನ್ನ ಅಂಗಡಿಗೆ ಬಂದವಳು ಅಕ್ಕನ ಪಕ್ಕದ ಟೇಬಲ್ಲಿನವಳು. ಏಳು ವರ್ಷದ ಸೇವೆ, ಎಲ್ಲರೂ ಚುರುಕಮ್ಮ ಎನ್ನುತ್ತಿದ್ದರು. ಕೈಯೂ ಚುರುಕು, ಬಾಯಿಯೂ ಚುರುಕು. ಅಕ್ಕನ ಜೊತೆಯವಳು ಎಂದು ಗೊತ್ತಿತ್ತು. ಆದರೆ ಅಕ್ಕ ಅರ್ಜಿ ಹಾಕುವ ಮಾತೇ ಎತ್ತಿರಲಿಲ್ಲ. ಹಾಕಿದರೂ ಅಕ್ಕನ ಎದುರು ಇವಳು ನಿಲ್ಲುವುದು ಅಷ್ಟರಲ್ಲೇ ಇದೆ ಎಂದುಕೊಂಡೆ. ಅಕ್ಕನ ಬಾಯಲ್ಲಿ ಕೇಳಿ ಕೇಳಿ ಅಭ್ಯಾಸವಾಗಿದ್ದರಿಂದ ಕೇಳಿದೆ: “ವಾಪಸ್ ಎಷ್ಟು ಕಳಿಸಿದೀರಿ?”

“ಒಂದೂ ಇಲ್ಲ ಮೇಡಂ. ಬಂದದ್ದು ಬಂದ ಹಾಗೇ ಕಟ್ಟಿ ಕಳಿಸ್ತೀನಿ.”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ‘ಏಳು ವರ್ಷಗಳಲ್ಲಿ ಒಂದೇ ಒಂದು ವಾಪಸ್ ಇಲ್ಲ, ಇವರ ಟೇಬಲ್ಲಿನಲ್ಲಿ ಕೆಲಸ ಒಂದು ನಿಮಿಷವೂ ನಿಂತದ್ದಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಸಾಲು ಚೆನ್ನಾಗಿ ಕೂತಿತು ಎಂದು ನಾನೇ ಬೆನ್ನು ತಟ್ಟಿಕೊಂಡೆ. ನನ್ನ ಬುದ್ಧಿಗಿಷ್ಟು!

ನಾಲ್ಕು ದಿನದ ಮೇಲೆ, ಅರ್ಜಿಗೆ ಇನ್ನೊಂದೇ ದಿನ ಉಳಿದಿದೆ ಎನ್ನುವಾಗ, ಅಕ್ಕ ಬಂದಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದ ತಳದಲ್ಲಿಟ್ಟುಕೊಂಡಿದ್ದಳು.

“ಏನು ಬರೀಲಿ ಹೇಳು.”

“ಸಾಮಾನು ನೋಡ್ತೀನಿ, ಕಟ್ತೀನಿ ಅಂತ ಬರಿ.”

“ಆಮೇಲೆ?”

“ಆಮೇಲೇನು, ಅಷ್ಟೇ.”

“ಅಕ್ಕ, ನೀನು ಅಷ್ಟೇ ಅಂದ್ರೆ ಅವರೂ ಅಷ್ಟೇನಾ ಅಂತಾರೆ. ಸ್ವಲ್ಪ ಹೇಳ್ಕೋಬೇಕು.”

“ನನ್ನ ಬಗ್ಗೆ ನಾನೇ ತುತ್ತೂರಿ ಊದ್ಕೊಳ್ಳೋಕೆ ನಾಚಿಕೆ ಆಗಲ್ವೇನೆ?”

ಅವಳ ಮಾತು ಕಿವಿಗೆ ಹಾಕಿಕೊಳ್ಳದೆ ಒಂದು ಪುಟ ಬರೆದೆ. ‘ಸಾವಿರಾರು ರೋಗಿಗಳ ಕಣ್ಣಿಗೆ ಕಾಣದ ಕಾವಲುಗಾರ್ತಿ’ ಎಂದು ಶುರು ಮಾಡಿದ್ದೆ. ಅಕ್ಕ ಅದನ್ನು ಕತ್ತರಿ ನೋಡುವ ಹಾಗೆ ಹತ್ತಿರ ಹಿಡಿದು ಓದಿ, “ಇವಳ್ಯಾರೇ? ಇವಳಿಗೆ ಮೊಣಕಾಲು ನೋಯಲ್ವಾ?” ಎಂದು ನಕ್ಕಳು. ಆಮೇಲೆ ಪೆನ್ನು ತೆಗೆದುಕೊಂಡು ಒಂದೊಂದೇ ಸಾಲು ಹೊಡೆದಳು. ಕಾವಲುಗಾರ್ತಿ ಹೋದಳು, ‘ಅಪ್ರತಿಮ’ ಹೋಯಿತು, ‘ಸಮರ್ಪಣೆ’ ಹೋಯಿತು. ಕೊನೆಗೆ ‘ವಿಶೇಷ ಸಾಧನೆ’ ಎಂಬ ಖಾನೆಗೆ ಬಂದಾಗ ಅವಳ ಮುಖ ಅರಳಿತು.

“ಇಲ್ಲಿ ಬರಿ. ಹೋದ ವರ್ಷ ಇನ್ನೂರ ಹದಿನಾಲ್ಕು ಸೆಟ್ ವಾಪಸ್ ಕಳಿಸಿದೀನಿ.”

ಚುರುಕಮ್ಮನ ಪುಟದ ಆ ದಪ್ಪ ಅಕ್ಷರದ ಸಾಲು ಕಣ್ಣ ಮುಂದೆ ಬಂತು.

“ಅದೊಂದು ಬೇಡ ಅಕ್ಕ. ಓದೋರಿಗೆ ತಪ್ಪಿನ ಲೆಕ್ಕ ಕೊಟ್ಟ ಹಾಗಿರುತ್ತೆ.”

“ತಪ್ಪಿನ ಲೆಕ್ಕ ಅಲ್ಲ ಕಣೇ, ತಪ್ಪು ಹಿಡಿದ ಲೆಕ್ಕ! ಅಷ್ಟು ಜನರ ಹೊಟ್ಟೆಯೊಳಗೆ ಇನ್ಯಾರದೋ ರಕ್ತ ಹೋಗದ ಹಾಗೆ ತಡೆದಿದೀನಿ. ಹೇಳ್ಕೋ ಹೇಳ್ಕೋ ಅಂತಿದ್ದೆಯಲ್ಲ, ಹೇಳ್ಕೊಂಡೆ. ಬರಿ.”

ಹುಟ್ಟಿದಾಗಿನಿಂದ ಅವಳು ತನ್ನ ಬಗ್ಗೆ ಹೇಳಿಕೊಂಡ ಹೆಮ್ಮೆಯ ಮಾತು ಅದೊಂದೇ. ಮತ್ತೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಚುರುಕಮ್ಮನಿಗೆ ನಾನು ಏನು ಬರೆದುಕೊಟ್ಟೆ ಎಂದು ಅವಳಿಗೆ ಹೇಳಲೂ ಬಾಯಿ ಬರಲಿಲ್ಲ. ಟೈಪು ಮಾಡಿ ಕೊಟ್ಟೆ.

ಸಂದರ್ಶನದಲ್ಲಿ ಮೂವರು ಕೂತಿದ್ದರಂತೆ. ಮಾತಾಡಿದ್ದು ಆಡಳಿತಾಧಿಕಾರಿ ಒಬ್ಬರೇ. ಆಸ್ಪತ್ರೆಗೆ ಬಂದು ಅವರಿಗೆ ಒಂದು ವರ್ಷವೂ ತುಂಬಿರಲಿಲ್ಲ.

“ಇನ್ನೂರ ಹದಿನಾಲ್ಕು ವಾಪಸ್. ಒಂದು ಮತ್ತೆ ತೊಳೆದು ಬರೋಕೆ ಎಷ್ಟು ಹೊತ್ತಾಗುತ್ತೆ?”

“ಮುಕ್ಕಾಲು ಗಂಟೆ ಸಾರ್.”

ಅವರು ಮೊಬೈಲಿನಲ್ಲಿ ಗುಣಿಸಿ, “ಅಂದ್ರೆ ನಿಮ್ಮ ಒಬ್ಬರಿಂದ ನೂರ ಅರವತ್ತು ಗಂಟೆ ತಡ. ಪಕ್ಕದ ಟೇಬಲ್ಲಿನವರದು ಸೊನ್ನೆ ಇದೆಯಲ್ಲಮ್ಮ” ಎಂದರಂತೆ.

“ನೋಡದೇ ಇದ್ರೆ ಸೊನ್ನೆಯೇ ಬರೋದು ಅನ್ನಬೇಕಿತ್ತು!” ಎಂದು ನಾನು ಕೂಗಾಡಿದೆ.

“ಜೊತೆಯಲ್ಲಿ ನಿಂತು ಕೆಲಸ ಮಾಡೋಳು ಕಣೇ. ಅವಳಿಲ್ಲದಾಗ ಹೇಗೆ ಅನ್ನಲಿ?” ಎಂದಳು. ಅಲ್ಲಿಂದ ಹಾಗೇ ಎದ್ದು ಬಂದಿದ್ದಳು.

ಕುರ್ಚಿ ಚುರುಕಮ್ಮನಿಗೆ ಹೋಯಿತು. ಕೂತ ಮೊದಲ ವಾರದಲ್ಲೇ ಅವಳು ಭೂತಗನ್ನಡಿಯನ್ನು ಕೋಣೆಯ ಮೂಲೆಗೆ ಸರಿಸಿ, ಸಂಶಯ ಬಂದಾಗ ಮಾತ್ರ ಬಳಸಿದರೆ ಸಾಕು ಎಂದು ನೋಟೀಸು ಅಂಟಿಸಿದಳು. ನನ್ನ ಅಕ್ಕನಿಗೆ ಸಂಶಯ ಬರದ ಸೆಟ್ ಇದೆಯೇ? ಪ್ರತಿ ಸೆಟ್ಟನ್ನೂ ಹೊತ್ತುಕೊಂಡು ಮೂಲೆಯವರೆಗೆ ನಡೆದು, ನೋಡಿ, ಮತ್ತೆ ಟೇಬಲ್ಲಿಗೆ ನಡೆದು ಬರತೊಡಗಿದಳು. ದಿನಕ್ಕೆ ಮೂವತ್ತು ನಲವತ್ತು ಸಲ, ಅದೇ ಮೊಣಕಾಲುಗಳಲ್ಲಿ. ಭಾವ ಸಂಜೆ ಬಿಸಿನೀರಿನ ಚೀಲ ಹಿಡಿದುಕೊಂಡು ಕೂರುತ್ತಿದ್ದರು. ತಮಾಷೆ ಮಾಡುವುದನ್ನು ಬಿಟ್ಟಿದ್ದರು.

ನನಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಹೋಗಿ, ಆ ಸೊನ್ನೆಯ ಸಾಲು ಬರೆದವಳು ನಾನೇ ಎಂದು ಅಕ್ಕನೆದುರು ಹೇಳಿಬಿಟ್ಟೆ. ಬೈಯಲಿ, ಎರಡು ಏಟು ಬೇಕಾದರೂ ಹಾಕಲಿ ಎಂದೇ ಹೋಗಿದ್ದೆ.

“ಗೊತ್ತು” ಎಂದಳು. “ಅವಳು ಕೋಣೆಯಲ್ಲೆಲ್ಲ ತೋರಿಸ್ಕೊಂಡು ಬಂದ್ಳು. ‘ಒಂದೇ ಒಂದು’ ಅಂತ ಬೇರೆ ಯಾರು ಬರೀತಾರೆ? ಚಿಕ್ಕವಳಿದ್ದಾಗ ರಜಾ ಚೀಟಿಯಲ್ಲೂ ನೀನು ಹಾಗೇ ಬರೀತಿದ್ದೆ.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆಡಳಿತಾಧಿಕಾರಿ ಲಿಫ್ಟಿನ ಗುಂಡಿ ಒತ್ತಿ ಕೆಳಗಿಳಿದು ಬಂದರು. ಅವರ ತಾಯಿಗೆ ಮಾರನೆಯ ದಿನ ಹೊಟ್ಟೆಯ ಆಪರೇಷನ್. ಮಾಡುವ ಡಾಕ್ಟರು, “ಸೆಟ್ ನಾಲ್ಕನೇ ನಂಬರಿನದೇ ಇರಲಿ, ಹೇಳಿಟ್ಟಿರಿ” ಎಂದಿದ್ದರಂತೆ. ಚುರುಕಮ್ಮ ಕುರ್ಚಿಯಿಂದ ಎದ್ದು ನಿಂತಳು. ಅವರು ಅವಳನ್ನು ದಾಟಿಕೊಂಡು ಅಕ್ಕನ ಟೇಬಲ್ಲಿನ ಹತ್ತಿರ ಬಂದು, ದನಿ ತಗ್ಗಿಸಿ, “ಅಮ್ಮಾ, ನಿಮ್ಮ ಕೈಯಲ್ಲೇ ಕಟ್ಟಿಕೊಡಿ” ಎಂದರು. ಮೊದಲ ಸಲ ಅವರ ಬಾಯಲ್ಲಿ ಗಂಟೆಗಳ ಲೆಕ್ಕವಿರಲಿಲ್ಲ.

ಅಕ್ಕ ಕಿಟಕಿಯಿಂದ ಬಂದ ಸೆಟ್ ಎತ್ತಿಕೊಂಡು ಮೂಲೆಗೆ ನಡೆದಳು. ಅವರೂ ಹಿಂದೆ ನಡೆದರು. ಹನ್ನೆರಡನೇ ಕ್ಲ್ಯಾಂಪಿನ ಕೀಲು ತೆರೆದವಳು ಅಲ್ಲೇ ನಿಂತಳು. ಕನ್ನಡಿಯ ಕೆಳಗೆ ಅವರಿಗೂ ತೋರಿಸಿದಳು. ಕಂದು ಬಣ್ಣದ ಒಂದು ಚುಕ್ಕೆ.

“ಇದೇನು?”

“ರಕ್ತ ಸಾರ್. ಹಿಂದಿನ ರೋಗಿದು.” ಕ್ಲ್ಯಾಂಪನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: “ವಾಪಸ್ ಕಳಿಸಿದ್ರೆ ಮುಕ್ಕಾಲು ಗಂಟೆ ತಡ ಆಗುತ್ತೆ. ಕಳಿಸಲಾ? ಇಲ್ಲ, ಸೊನ್ನೆ ಅಂತ ಬರೆದು ಹೀಗೇ ಕಟ್ಟಿಬಿಡಲಾ?”

ನನ್ನ ಅಕ್ಕ ಹಾಗೆ ಕೇಳಿದಳು! ಕಿಟಕಿಯ ಆಚೆ ಇದ್ದ ತೊಳೆಯುವವಳು ಎಲ್ಲವನ್ನೂ ಕೇಳಿಸಿಕೊಂಡು ನನಗೆ ಹೇಳದಿದ್ದರೆ ನಾನು ನಂಬುತ್ತಿರಲಿಲ್ಲ. ಅಧಿಕಾರಿಯ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತು. “ಕಳಿಸಿ, ಕಳಿಸಿ” ಎಂದರು. ಸೆಟ್ ಮತ್ತೆ ಬರುವವರೆಗೂ ಅಲ್ಲೇ ಗೋಡೆಗೊರಗಿ ನಿಂತಿದ್ದರು. ಕೂರಲು ಇದ್ದ ಒಂದು ಕುರ್ಚಿಯನ್ನು ಚುರುಕಮ್ಮ ಎಳೆದು ತಂದರೂ ಕೂರಲಿಲ್ಲ.

ತಾಯಿ ಹುಷಾರಾಗಿ ಮನೆಗೆ ಹೋದರು. ಇನ್ನಾದರೂ ಆ ಮನುಷ್ಯನಿಗೆ ಕಣ್ಣು ತೆರೆಯಿತು, ಅಕ್ಕನ ಕಾಲಿಗೆ ಒಂದು ದಾರಿಯಾಯಿತು ಎಂದು ನಾವೆಲ್ಲ ಕಾದೆವು. ಹದಿನೈದು ದಿನಕ್ಕೆ ಮೂರನೇ ಮಹಡಿಯಿಂದ ಒಂದು ಪತ್ರ ಇಳಿಯಿತು. ಅದನ್ನು ನಾನು ಓದಿದ್ದು ನನ್ನದೇ ಅಂಗಡಿಯಲ್ಲಿ. ಚುರುಕಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನಗುನಗುತ್ತ ಬಂದಳು.

“ಲ್ಯಾಮಿನೇಷನ್ ಮಾಡಿಕೊಡಿ ಮೇಡಂ, ಗೋಡೆಗೆ ಹಾಕ್ಬೇಕು. ನನ್ನ ಪುಟಕ್ಕೂ ಇದನ್ನ ಒಂದು ಸಾಲು ಸೇರಿಸಿ, ನೀವು ಬರೆಯೋ ಹಾಗೆ ಜೋರಾಗಿ.”

‘ಅತ್ಯುತ್ತಮ ಸ್ವಚ್ಛತೆ ಕಾಯ್ದುಕೊಂಡ ವಿಭಾಗಕ್ಕೂ ಅದರ ಮೇಲ್ವಿಚಾರಕಿಗೂ ಹೃತ್ಪೂರ್ವಕ ಅಭಿನಂದನೆಗಳು.’ ಕೆಳಗೆ ಆಡಳಿತಾಧಿಕಾರಿಯ ಸಹಿ. ಗೋಡೆಗೊರಗಿ ಮುಕ್ಕಾಲು ಗಂಟೆ ನಿಂತಿದ್ದ ಮನುಷ್ಯ! ನಂಬರು ಕೇಳಿಕೊಂಡು ಬಂದ ಮನುಷ್ಯ! ಪತ್ರವನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದೆ, ನಾಲ್ಕು ಎಂಬ ಅಂಕಿ ಎಲ್ಲಾದರೂ ಇದೆಯೇ ಎಂದು. ಇರಲಿಲ್ಲ.

“ಅವರ ತಾಯಿಗೆ ಹೋದ ಸೆಟ್ಟಿನ ಚೀಟಿಯಲ್ಲಿ ಯಾವ ನಂಬರಿತ್ತು?” ಎಂದು ಕೇಳಿದೆ.

“ಅಯ್ಯೋ, ನಂಬರು ಯಾರು ನೋಡ್ತಾರೆ ಮೇಡಂ?”

ಪತ್ರವನ್ನು ಕೌಂಟರಿನ ಮೇಲೆ ಅವಳ ಕಡೆಗೆ ತಳ್ಳಿದೆ.

“ವಾಪಸ್” ಎಂದೆ.

ಅವಳು ನನ್ನ ಮುಖ ನೋಡಿದಳು, ಪತ್ರ ನೋಡಿದಳು, ಮಷೀನು ಕೆಟ್ಟಿದೆಯೇ ಎಂದು ಕೇಳಿದಳು. ಮಷೀನು ಸರಿಯಾಗಿದೆ ಎಂದೆ. ಮೂಗು ಮುರಿದು ಇನ್ನೊಂದು ಅಂಗಡಿಗೆ ಹೋದಳು. ಆ ಪತ್ರ ಈಗ ಆ ಕೋಣೆಯ ಗೋಡೆಯ ಮೇಲೆ ಮಿರಮಿರ ಹೊಳೆಯುತ್ತಿದೆ, ಅಕ್ಕ ದಿನಕ್ಕೆ ನಲವತ್ತು ಸಲ ಅದರ ಮುಂದೆಯೇ ಹಾದು ಮೂಲೆಗೆ ನಡೆಯುತ್ತಾಳೆ.

ಅವತ್ತು ಸಂಜೆ ಅವಳ ಮನೆಗೆ ಹೋಗಿ, ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಂದು ಕಾಗದ ವಾಪಸ್ ಕಳಿಸಿದೆ ಎಂದು ಎದೆಯುಬ್ಬಿಸಿ ಹೇಳಿದೆ. ಅಕ್ಕ ಮೊಣಕಾಲಿನ ಮೇಲಿನ ಬಿಸಿನೀರಿನ ಚೀಲ ಸರಿಸಿಕೊಂಡು ನನ್ನನ್ನೇ ನೋಡಿದಳು.

“ಬರೀ ಒಂದಾ? ಹಳೇ ಕಾಗದಗಳನ್ನೂ ಸರಿಯಾಗಿ ನೋಡೇ, ಇನ್ನೂ ಸಿಗುತ್ತೆ.”