ಹೋಗದ ಊರಿಗೆ ತುಂಬಿದ ಉಡಿ

ಪುಟ್ಟಿ, ಚಿನ್ನಿ, ಇದನ್ನು ನಿಮಗೇ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ಪಾಪಿನಾಯಕನಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ. ಅಮ್ಮ ಇಂಗ್ಲೆಂಡಿನಿಂದ ತಿರುಗಿ ಬಂದ ವರ್ಷ ಪುಟ್ಟಿಗೆ ಎಂಟು ವರ್ಷ, ಚಿನ್ನಿಗೆ ಐದು. ನಿಮ್ಮ ಬಾಯಿಂದ ನಾನು ಸುಳ್ಳು ಹೇಳಿಸಿದೆ. ಅದಕ್ಕಿಂತ ಕೆಟ್ಟದ್ದೆಂದರೆ, ನಿಮಗೇ ಸುಳ್ಳು ಹೇಳಿದೆ.

ನನ್ನ ಮಗಳು, ನಿಮ್ಮ ಅಮ್ಮ, ಹೊಸಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದಳು. ಅಲ್ಲಿಂದ ಇಂಗ್ಲೆಂಡಿಗೆ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಗೆ ಕೆಲಸಕ್ಕೆ ಹೋದಳು. ನಿಮ್ಮ ಅಪ್ಪನಿಗೆ ಸಂಡೂರಿನ ಗಣಿಯಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸ್. ಭಾನುವಾರ ಮಾತ್ರ ಬರುತ್ತಿದ್ದರು. ನೀವಿಬ್ಬರೂ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನ ಹತ್ತಿರ ಇದ್ದಿರಿ.

ಅವಳು ಹೋದ ಮೇಲೆ ನನ್ನ ಬದುಕಿನಲ್ಲಿ ಒಂದು ಬದಲಾವಣೆ ಆಯಿತು. ನಿಮ್ಮ ತಾತ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದರು. ಅವರು ತೀರಿಕೊಂಡಾಗಿನಿಂದ ಯಾರ ಮನೆಯ ಶುಭಕಾರ್ಯಕ್ಕೆ ಹೋದರೂ ನಾನು ಹಿಂದಿನ ಬಾಗಿಲ ಹತ್ತಿರ ಕೂರುತ್ತಿದ್ದೆ. ಯಾರೂ ಅಲ್ಲಿ ಕೂರು ಅನ್ನುತ್ತಿರಲಿಲ್ಲ, ಮುಂದೆ ಬಾ ಅಂತಲೂ ಕರೆಯುತ್ತಿರಲಿಲ್ಲ. ಮಗಳು ವಿಮಾನ ಹತ್ತಿದ ಮೇಲೆ ಅದೇ ಹೆಂಗಸರು "ಲಂಡನ್ ಅವ್ವಾರು ಬಂದ್ರು, ಜಾಗಾ ಬಿಡ್ರಿ" ಅಂತ ನಕ್ಕು ಮುಂದೆ ಕೂರಿಸತೊಡಗಿದರು. ತಮಾಷೆಯೇ ಅದು. ಆದರೆ ನನಗೆ ಹಿತವಾಗಿತ್ತು. ಆ ಜಾಗದ ಆಸೆ ನನ್ನ ಕೈಯಿಂದ ಏನೇನು ಮಾಡಿಸಿತು ಅಂತ ನಿಮಗೆ ಗೊತ್ತಾಗಬೇಕು.

ಎರಡನೇ ವರ್ಷ, ಒಂದು ಮಧ್ಯಾಹ್ನ, ನಾನು ಜೋಳ ಹಸನು ಮಾಡುತ್ತಿದ್ದಾಗ ಫೋನು ಬಂತು. ಅವಳು ಕೆಲಸ ಮಾಡುತ್ತಿದ್ದ ಮನೆಯನ್ನು ಬೇರೆ ಯಾರೋ ಕೊಂಡಿದ್ದರಂತೆ. ಹೊಸಬರು ಹೊರದೇಶದವರ ವೀಸಾ ಜವಾಬ್ದಾರಿ ನಮಗೆ ಬೇಡ ಅಂತ ಸರ್ಕಾರಕ್ಕೆ ಬರೆದುಕೊಟ್ಟಿದ್ದರು. ಕೆಲಸ ಕೊಟ್ಟವರ ಹೆಸರಿನ ಮೇಲೆಯೇ ವೀಸಾ ನಿಂತಿರುತ್ತದಂತೆ. ಅವರು ಕೈ ಬಿಟ್ಟರೆ ಅದೂ ಹೋಯಿತು. ಎರಡು ತಿಂಗಳೊಳಗೆ ಬೇರೆ ಕಡೆ ಸೇರಬೇಕು, ಇಲ್ಲವೇ ದೇಶ ಬಿಡಬೇಕು. ಅವಳು ಸಿಕ್ಕಸಿಕ್ಕ ಕಡೆಯೆಲ್ಲ ಅರ್ಜಿ ಹಾಕಿದಳು. ವೀಸಾ ಕೊಡಿಸಬೇಕು ಅಂದಕೂಡಲೇ ಎಲ್ಲರೂ ಹಿಂದೆ ಸರಿದರು. ಅವಳದೇನೂ ತಪ್ಪಿರಲಿಲ್ಲ. ಅಲ್ಲಿನ ಮುದುಕಿಯೊಬ್ಬಳು ಇವಳು ಬಂದು ತಿನ್ನಿಸದ ಹೊರತು ಊಟಕ್ಕೆ ಬಾಯಿ ತೆರೆಯುತ್ತಿರಲಿಲ್ಲವಂತೆ.

ಗಡುವು ಮುಗಿಯುವ ವಾರ ಮತ್ತೆ ಫೋನು ಮಾಡಿದಳು.

"ಅವ್ವಾ, ಆಗ್ಲಿಲ್ಲ. ಬಂದ್ಬಿಡ್ತೀನಿ."

ನಾನು ಏನು ಕೇಳಬೇಕಿತ್ತು? ಊಟ ಮಾಡಿದೆಯಾ ಅಂತ ಕೇಳಬಹುದಿತ್ತು. ನಾನು ಕೇಳಿದ್ದು ಇದು: "ಎಷ್ಟು ದಿನ ರಜಾ ಅಂತ ಹೇಳ್ಲಿ ಮಂದಿಗೆ?"

"ನಿಂಗ ಹೆಂಗ ಬೇಕೋ ಹಂಗ ಹೇಳವ್ವ" ಅಂದಳು ಅವಳು.

ಒಂದು ತಿಂಗಳು ರಜೆ ಅಂತ ಹೇಳಿದೆ. ನಿಮಗೂ ಹಾಗೇ ಹೇಳಿಕೊಟ್ಟೆ. ಯಾರಾದರೂ ಕೇಳಿದರೆ "ಅಮ್ಮ ರಜಾಕ್ಕೆ ಬಂದಾಳ" ಅನ್ನಿ ಅಂತ ಮಗ್ಗಿ ಬಾಯಿಪಾಠ ಮಾಡಿಸಿದಂತೆ ಮಾಡಿಸಿದೆ. ನಿಮ್ಮ ಅಪ್ಪ ಆ ಭಾನುವಾರವೇ "ಅತ್ತಿ, ಇದ್ದದ್ದು ಹೇಳ್ಬಿಡ್ರಿ, ಇದರಾಗ ನಾಚಿಕಿ ಏನೈತಿ?" ಅಂದರು. ಹೇಳುತ್ತೇನೆ ಅಂದೆ. ಹೇಳಲಿಲ್ಲ. ಅಮ್ಮ ನಿಮ್ಮನ್ನು ಹಂಪಿಗೆ ಕರೆದುಕೊಂಡು ಹೋಗಿ ಹೊಳೆಯಲ್ಲಿ ಕಾಲು ಆಡಿಸಿಕೊಂಡು ಬಂದ ದಿನ, ಚಿನ್ನಿ, ನೀನು ನನ್ನ ತೊಡೆಯ ಮೇಲೆ ಕೂತು ಕೇಳಿದೆ: "ರಜಾ ಮುಗಿದ್ರ ಅಮ್ಮ ಮತ್ತ ಹೋಗ್ತಾಳಾ?" ಇಲ್ಲ ಅಂದರೆ ನೀನು ಓಣಿಯ ತುಂಬ ಸಾರಿಕೊಂಡು ಬರುತ್ತೀ ಅಂತ ನನಗೆ ಗೊತ್ತಿತ್ತು. "ಹೂಂ" ಅಂದುಬಿಟ್ಟೆ.

ತಿಂಗಳು ಕಳೆಯಿತು. ಎದುರು ಮನೆಯ ಅಕ್ಕ ಒಂದು ಬೆಳಿಗ್ಗೆ ಬಂದಳು. ನನ್ನದೇ ವಯಸ್ಸು, ಐದು ಮಕ್ಕಳ ತಾಯಿ, ಓಣಿಯ ಎಲ್ಲ ಶುಭಕಾರ್ಯಕ್ಕೂ ಅವಳೇ ಮುಂದು.

"ಯಾವಾಗ್ರಿ ಮಗಳ ಪ್ರಯಾಣ? ಶುಕ್ರವಾರ ಹೆಣ್ಮಗಳನ್ನ ಕಳಿಸಬಾರ್ದು. ಸೋಮವಾರ ಇಟ್ಕೊಳ್ರಿ. ಉಡಿ ನಾವು ತುಂಬ್ತೀವಿ, ನೀವೇನೂ ಯೋಚ್ನಿ ಮಾಡ್ಬ್ಯಾಡ್ರಿ."

ತವರಿನಿಂದ ಹೊರಟ ಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು. ವಿಧವೆಯಾದ ನಾನು ತುಂಬುವಂತಿಲ್ಲ, ಅದಕ್ಕೇ ಅವಳು ತಾನಾಗಿ ಮುಂದೆ ಬಂದಿದ್ದಳು. ಅಂಥ ಪ್ರೀತಿಯ ಎದುರಿಗಾದರೂ ನಿಜ ಹೇಳಬಹುದಿತ್ತು. ನಾನು "ಸೋಮವಾರಾನೇ ಅಕ್ಕಾ" ಅಂದೆ.

ಐದು ಜನ ಮುತ್ತೈದೆಯರು ಬಂದರು. ನಿಮ್ಮ ಅಮ್ಮ ಮಣೆಯ ಮೇಲೆ ಸೆರಗೊಡ್ಡಿ ಕೂತಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಕುಪ್ಪಸದ ಖಣ, ಒಂದೊಂದಾಗಿ ಸೆರಗಿಗೆ ಬಿದ್ದವು.

"ಅಲ್ಲಿ ಮುದುಕ್ಯಾರ ತಲಿ ಬಾಚಾಕ ಹೋಗ್ತಿ, ನಮ್ಮ ತಲಿನೂ ಒಂದೀಟು ಬಾಚಿ ಹೋಗ್ಲೇ" ಅಂತ ಒಬ್ಬಳು.

"ನಿನ್ನ ತಲ್ಯಾಗ ಬಾಚಾಕ ಏನೈತಿ, ನಾಲ್ಕು ಕೂದಲ!" ಅಂತ ಇನ್ನೊಬ್ಬಳು.

ಎಲ್ಲರೂ ನಕ್ಕರು. ನಿಮ್ಮ ಅಮ್ಮ ಮಾತ್ರ ತಲೆಯೆತ್ತಿ ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. ಕೋಪದ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಈಗಲಾದರೂ ಹೇಳವ್ವ ಅನ್ನುವಂತಿತ್ತು ಅದು.

ಉಡಿ ತುಂಬಿಸಿಕೊಂಡವಳು ಹೊಸ್ತಿಲು ದಾಟಲೇಬೇಕು. ಹೋದ ಮನೆಯಲ್ಲಿ ಆ ಅಕ್ಕಿ ಬೇಯಬೇಕು. ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಆಟೋ ಬಂದು ನಿಂತಿತ್ತು. ಸೂಟ್‌ಕೇಸ್ ಇಟ್ಟು ನಾನೂ ಹತ್ತಿದೆ. ಓಣಿ ದಾಟಿದ ಮೇಲೆ ಅವಳು ಕೇಳಿದಳು, "ಈ ಅಕ್ಕಿ ಎಲ್ಲಿ ಬೇಯಿಸ್ಲವ್ವ?"

"ಸಂಡೂರಿಗೆ ಹೋಗು. ಗಂಡನ ಮನೀನ ಅಲ್ಲೇನು ಅದೂ?"

"ಮಕ್ಕಳಿಗೆ?"

"ಸಂಜಿಗೆ ಹೇಳ್ತೀನಿ."

ಬಸ್ ನಿಲ್ದಾಣದಲ್ಲಿ ಸಂಡೂರಿನ ಬಸ್ಸಿಗೆ ಹತ್ತಿಸಿದೆ. ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಸಂಜೆ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಪುಟ್ಟಿ, ನೀನು ಅತ್ತುಬಿಟ್ಟೆ. ಚಿನ್ನಿ, ನೀನು ಅಳಲೇ ಇಲ್ಲ. ಹೊರಡುವ ದಿನ ಅಮ್ಮ ಹಾಕಿದ್ದ ಎರಡು ಜಡೆಯನ್ನು ಯಾರಿಗೂ ಬಿಚ್ಚಗೊಡಲಿಲ್ಲ. ನಾನು ಬಾಚಣಿಗೆ ತಂದರೆ ನೀನು ಕೈಯಿಂದ ತಲೆ ಮುಚ್ಚಿಕೊಂಡು ಓಡುತ್ತಿದ್ದೆ. ಐದು ದಿನಕ್ಕೆ ಕೂದಲು ತೆಂಗಿನ ನಾರಿನಂತೆ ಗಂಟುಗಟ್ಟಿತು. ಅಮ್ಮ ದಿನಾ ಫೋನು ಮಾಡಿ "ಹೇಳಿದ್ಯಾ?" ಅಂತ ಕೇಳುತ್ತಿದ್ದಳು. ಮಕ್ಕಳು ಮಲಗಿವೆ, ಶಾಲೆಗೆ ಹೋಗಿವೆ ಅಂತ ನಿಮ್ಮ ಕೈಗೆ ಫೋನು ಕೊಡದೇ ಉಳಿದೆ. ಸಂಡೂರು ಒಂದು ಗಂಟೆಯ ದಾರಿ, ಮಕ್ಕಳೇ. ಒಂದು ಗಂಟೆಯ ದಾರಿಯಲ್ಲಿದ್ದ ತಾಯಿಯನ್ನು ನಾನು ಸಮುದ್ರದಾಚೆ ಇಟ್ಟೆ.

ಆರನೇ ದಿನ ಎದುರು ಮನೆಯ ಅಕ್ಕ ಬಂದಳು. ಎಂದಿನಂತೆ ಒಳಗೆ ಬರದೆ ಕಟ್ಟೆಯ ಮೇಲೆ ಕೂತಳು. ಚಿನ್ನಿ, ನೀನು ಅಲ್ಲೇ ಆಡುತ್ತಿದ್ದೆ.

"ಲಂಡನ್ನಿನಾಗೂ ಸಂತಿ ಕೂಡ್ತೈತೇನ್ರಿ?" ಅಂತ ಕೇಳಿದಳು. "ನಿನ್ನಿ ತಂಗಿ ಮನಿಗಂತ ಸಂಡೂರಿಗೆ ಹೋಗಿದ್ದೆ. ನಿಮ್ಮ ಮಗಳು ಸಂತ್ಯಾಗ ನುಗ್ಗಿಕಾಯಿ ಆರಿಸ್ತಿದ್ಲು. ನನ್ನ ನೋಡಿ ಕಾಲು ಮುಟ್ಟಿ ಅತ್ಲು. ಎಲ್ಲಾ ಹೇಳಿದ್ಲು."

ಅವಳು ದನಿ ತಗ್ಗಿಸಿದಳು. "ವೀಸಾ ಹೋದ್ರ ಹೋಗ್ಲಿ, ನಮ್ಮ ಹುಡುಗಿ ಗಟ್ಟಿ ಅದಾಳ. ಅದಕ್ಕ ನಾವ್ಯಾಕ ನಗ್ತಿದ್ವಿ? ಆದ್ರ ಐದು ಮಂದಿ ಕೂಡಿ, ಚಲೋ ಆಗ್ಲಿ ಅಂತ ದೇವರನ್ನ ನೆನೆಸಿ ತುಂಬಿದ್ವಲ್ರಿ. ಉಡಿ ಅಂದ್ರ ಆಟ ಅಲ್ಲಕ್ಕಾ."

ಅಷ್ಟರಲ್ಲಿ ಚಿನ್ನಿ, ನೀನು ಎದ್ದು ಬಂದು ನನ್ನ ಮುಂದೆ ನಿಂತೆ. "ಅಮ್ಮ ಸಂಡೂರಾಗ ಅದಾಳಾ? ಮತ್ತ ನಮ್ಮನ್ನ ಯಾಕ ಬಿಟ್ಟು ಹೋದ್ಲು?"

ಸುಳ್ಳಿನ ಫಲ ಇದು ಅಂತ ಆಗ ಕಂಡಿತು. ನನ್ನ ಮಾನ ಉಳಿಸಲು ಹೋಗಿ ನಿನ್ನ ಮನಸ್ಸಿನಲ್ಲಿ ನಿನ್ನ ತಾಯಿಯನ್ನೇ ತಪ್ಪಿತಸ್ಥಳನ್ನಾಗಿ ಮಾಡಿದ್ದೆ. ಅಕ್ಕ ಎದುರಿಗಿದ್ದಳು, ಅವಳ ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಅಮ್ಮ ಬಿಟ್ಟು ಹೋಗಿಲ್ಲವ್ವ, ನಾನ ಕಳಿಸಿದೆ" ಅಂದೆ. ನೀನು ನಂಬದವಳಂತೆ ನೋಡಿದೆ. ಮತ್ತೆ ಗಟ್ಟಿಯಾಗಿ ಹೇಳಿದೆ: "ಅವಳ ಕೆಲಸ ಹೋತು. ಮಂದಿ ಏನಂದಾರು ಅಂತ ನಾಚಿ ನಾನ ಕಳಿಸಿದೆ. ಅವಳದೇನೂ ತಪ್ಪಿಲ್ಲ."

ಓಣಿಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಪುಟ್ಟಿ ಶಾಲೆಯಿಂದ ಬಂದ ಕೂಡಲೇ ಮೂವರೂ ಸಂಡೂರಿನ ಬಸ್ಸು ಹತ್ತಿದೆವು. ಅಮ್ಮ ಕ್ವಾರ್ಟರ್ಸಿನ ಬಾಗಿಲು ತೆರೆದಳು. ಪುಟ್ಟಿ ಓಡಿಹೋಗಿ ತಬ್ಬಿಕೊಂಡಳು. ಚಿನ್ನಿ, ನೀನು ನನ್ನ ಸೀರೆ ಹಿಡಿದು ದೂರವೇ ನಿಂತು, "ಈಗ ರಜಾನಾ?" ಅಂತ ಕೇಳಿದೆ. ಅಮ್ಮ ನೆಲದ ಮೇಲೆ ಕೂತುಬಿಟ್ಟಳು. ನಿನ್ನ ಜಡೆಯ ಗಂಟು ಬಿಡಿಸಲು ಅವಳಿಗೆ ಕತ್ತಲಾಗುವವರೆಗೂ ಬೇಕಾಯಿತು. ಆ ಇಡೀ ಹೊತ್ತು ಅವಳು ನನ್ನ ಜೊತೆ ಒಂದೂ ಮಾತಾಡಲಿಲ್ಲ. ಮುಂದೆ ಮಾತಾಡಿದಳು, ಅವಳ ಮನಸ್ಸು ದೊಡ್ಡದು. ಈಗ ಹೊಸಪೇಟೆಯಲ್ಲೇ ಕೆಲಸಕ್ಕೆ ಹೋಗುತ್ತಾಳೆ, ಸಂಜೆ ಮನೆಗೆ ಬರುತ್ತಾಳೆ. ಆದರೆ ಅವಳು ಚಪ್ಪಲಿ ಮೆಟ್ಟಿದಾಗಲೆಲ್ಲ ನೀನು ಇಂದಿಗೂ "ಎಲ್ಲಿಗೆ? ಖರೇ ಹೇಳು" ಅನ್ನುತ್ತೀ. ಅದನ್ನು ಕಲಿಸಿದವಳು ನಾನು.

ಈ ಹಾಳೆಗಳನ್ನು ಜೋಪಾನವಾಗಿ ಇಡಿ. ವಯಸ್ಸಾದಂತೆ ಮನುಷ್ಯರು ತಮ್ಮ ಕಥೆಯನ್ನು ತಮಗೆ ಬೇಕಾದಂತೆ ತಿರುಗಿಸಿ ಹೇಳುತ್ತಾರೆ. ನಾನೂ ಒಂದು ದಿನ, ಎಲ್ಲ ಮಗಳ ಒಳ್ಳೆಯದಕ್ಕೇ ಮಾಡಿದೆ ಅನ್ನಬಹುದು. ಆಗ ಜಗಳಾಡಬೇಡಿ. ಸುಮ್ಮನೆ ಇವನ್ನು ತಂದು ನನ್ನ ಮುಂದಿಡಿ, ನನ್ನ ಕಣ್ಣು ಮಂಜಾಗಿದ್ದರೆ ನೀವೇ ಓದಿ ಹೇಳಿ.