ಬೀಗಿತ್ತಿ ಕಲಿತ ಪಾಠ

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಗದ್ದಲ ದಾಟಿದರೆ ಒಂದು ಉದ್ದನೆಯ ಕೋಣೆ. ಹರಿದ ಹೊದಿಕೆ, ಗುಂಡಿ ಕಿತ್ತ ರೋಗಿಗಳ ಅಂಗಿ, ಲಾಡಿ ಹೋದ ಆಪರೇಷನ್ ಗೌನು ಎಲ್ಲ ಅಲ್ಲಿಗೇ ಬಂದು ಬೀಳುತ್ತವೆ. ಅಲ್ಲಿ ಕೂತು ಹೊಲಿಯುವವಳನ್ನು ಎಲ್ಲರೂ ಹೊಲಿಗೆಯಮ್ಮ ಅನ್ನುತ್ತಾರೆ. ಡಾಕ್ಟರೂ ಹಾಗೇ ಅನ್ನುತ್ತಾರೆ, ಗೇಟಿನ ಕಾವಲುಗಾರನೂ ಹಾಗೇ. ಹೆಸರಿಟ್ಟ ಅಪ್ಪ-ಅಮ್ಮ ಹೋದರು, ಹೋಗುವಾಗ ಆ ಹೆಸರನ್ನೂ ಜೊತೆಗೆ ಕಟ್ಟಿಕೊಂಡು ಹೋದರು ಎಂದು ಅವಳೇ ನಗುತ್ತಾಳೆ.

ಅವಳಿಗೆ ಇಸುಬು. ಚಿಕ್ಕಂದಿನಿಂದಲೂ ಇದೆ. ಮೊಣಕೈ ಮಡಿಕೆಯಲ್ಲಿ ಶುರುವಾಗಿ ಮಣಿಕಟ್ಟು ದಾಟಿ ಬೆರಳ ಸಂದಿಯವರೆಗೂ ಹಬ್ಬಿದೆ. ಒಣಗುತ್ತದೆ, ಬಿರಿಯುತ್ತದೆ, ಕೆರೆದರೆ ನೀರಾಡುತ್ತದೆ. ಮುಲಾಮು ಹಚ್ಚಿದರೆ ತಣ್ಣಗಿರುತ್ತದೆ, ಬಿಟ್ಟರೆ ಮತ್ತೆ ಹಾಜರು. ಹಾಳಾಗಿ ಹೋಗಲಿ ಅಂತ ಅದನ್ನು ಇಟ್ಟುಕೊಂಡೇ ಮದುವೆಯಾದಳು, ಮಗಳನ್ನು ಹೆತ್ತಳು, ಗಂಡ ತೀರಿಕೊಂಡ ಮೇಲೆ ಅದೇ ಕೈಯಲ್ಲಿ ಹೊಲಿದು ಮಗಳನ್ನು ಓದಿಸಿದಳು. ಬಸ್ಸಿನಲ್ಲಿ ಪಕ್ಕದವರು ಕೈ ನೋಡಿ ಎದ್ದು ಹೋದರೆ, ಸದ್ಯ, ಆರಾಮಾಗಿ ಕೂರಬಹುದು ಅಂದುಕೊಳ್ಳುವ ಗಟ್ಟಿ ಹೆಂಗಸು ಅವಳು.

ಆ ಗಟ್ಟಿತನ ಮುರಿದದ್ದು ಬೀಗಿತ್ತಿಯ ಮನೆಯಲ್ಲಿ.

ಮಗಳ ಅತ್ತೆ ಅಂದರೆ ಸಾಮಾನ್ಯಳೇ? ಊರಾಚೆಯ ಚಿಕ್ಕ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಅವಳ ಮನೆಯಲ್ಲಿ ಚಪ್ಪಲಿ ಕೂಡ ಸಾಲಾಗಿ ನಿಲ್ಲುತ್ತವೆ. ಮಗಳು ಗಂಡು ಮಗು ಹೆತ್ತ ಸುದ್ದಿ ಬಂದಾಗ ಹೊಲಿಗೆಯಮ್ಮ ಹಳೆಯ ಮೆತ್ತನೆ ಬಟ್ಟೆಯಲ್ಲಿ ಪುಟ್ಟ ಪುಟ್ಟ ಅಂಗಿ ಹೊಲಿದುಕೊಂಡು ಓಡಿದಳು. ತೊಟ್ಟಿಲಿಗೆ ಬಗ್ಗಿದಳೋ ಇಲ್ಲವೋ, ಬೀಗಿತ್ತಿ ನಡುವೆ ಬಂದು ನಿಂತಳು.

“ಬೇಜಾರ್ ಮಾಡ್ಕೋಬೇಡಿ ಬೀಗ್ರೇ. ಎಳೇ ಮಗು. ನಿಮ್ಮ ಕೈ ಬೇರೆ ಹೀಗಿದೆ. ಅಲ್ಲಿಂದಲೇ ಮಾತಾಡ್ಸಿ.”

“ಇದು ಅಂಟೋದಲ್ಲ ಕಣ್ರೀ. ಇದೇ ಕೈಯಲ್ಲಿ ಇವಳನ್ನ ಸಾಕಿದ್ದು ನಾನು. ಇವಳಿಗೇನಾದ್ರೂ ಆಗಿದ್ಯಾ?”

“ಅದು ನೀವು ಹೇಳೋದು. ಇಷ್ಟು ವರ್ಷ ಆಸ್ಪತ್ರೆಯಲ್ಲಿದ್ದು ನಾನು ಕಣ್ಮುಚ್ಕೊಂಡು ಇದ್ದೆ ಅಂದ್ಕೊಂಡ್ರಾ?”

ಮಗಳು ಮಗುವಿನ ಬಟ್ಟೆ ಮಡಿಸುತ್ತಾ ಕೂತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಅಲ್ಲಿಂದಾಚೆ ವಾರಕ್ಕೊಮ್ಮೆ ಹೋಗುವುದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುವುದು, ದೂರದಿಂದ “ಏನೋ ಕಳ್ಳಾ” ಅನ್ನುವುದು, ಬರುವುದು. ಮಗು ದನಿ ಕೇಳಿ ಕತ್ತು ತಿರುಗಿಸಲು ಕಲಿಯಿತು, ಬೊಚ್ಚು ಬಾಯಿ ತೆರೆದು ನಗಲು ಕಲಿಯಿತು. ಪಕ್ಕದ ಮನೆಯವರು ಎತ್ತಿಕೊಂಡರು, ಅವರ ನೆಂಟರೂ ಎತ್ತಿಕೊಂಡರು. ಹೆತ್ತವಳ ತಾಯಿ ಮಾತ್ರ ಕುರ್ಚಿಯಲ್ಲಿ! ಮನೆಗೆ ಬಂದು ಮುಲಾಮು ಹಚ್ಚಿಕೊಳ್ಳುವಾಗೆಲ್ಲ ಅವಳಿಗೆ ಒಂದೇ ಯೋಚನೆ. ಒಂದು ಸಲ, ಒಂದೇ ಒಂದು ಸಲ ಆ ಮಗುವನ್ನು ಎದೆಗೊತ್ತಿಕೊಳ್ಳಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಅಂಥ ದಿನಗಳಲ್ಲೇ ಚರ್ಮದ ಡಾಕ್ಟರು ಹೊಲಿಗೆ ಕೋಣೆಗೆ ಬಂದರು. ಸುತ್ತಲ ಆಸ್ಪತ್ರೆಗಳ ನರ್ಸುಗಳಿಗೆ ಅವರು ವರ್ಷಕ್ಕೊಮ್ಮೆ ಇಸುಬಿನ ಆರೈಕೆಯ ತರಬೇತಿ ಕೊಡುತ್ತಾರೆ. ಪ್ರತಿ ಸಲವೂ ಇವಳನ್ನು ಕರೆಯುತ್ತಿದ್ದರು. ಪ್ರತಿ ಸಲವೂ ಇವಳು, “ನಾನೇನು ಸರ್ಕಸ್ಸಿನ ಪ್ರಾಣೀನಾ ಡಾಕ್ಟ್ರೇ?” ಎಂದು ಸಾಗಹಾಕುತ್ತಿದ್ದಳು.

“ಫೋಟೋ ತೋರಿಸಿದ್ರೆ ಯಾರ ತಲೆಗೂ ಹತ್ತಲ್ಲಮ್ಮಾ. ಈ ಸಲನಾದ್ರೂ ಬಾ.”

“ಊರಾಚೆ ಆಸ್ಪತ್ರೆಯವರೂ ಬರ್ತಾರಾ?”

“ಬರ್ಲೇಬೇಕು. ಬರದಿದ್ರೆ ಅವರ ನರ್ಸ್ ಪರವಾನಗಿ ಮುಂದುವರಿಯಲ್ಲ.”

“ಅಂಟಲ್ಲ ಅಂತ ಹೇಳ್ತೀರಾ? ಎಲ್ಲರ ಮುಂದೆ, ಜೋರಾಗಿ?”

“ಮೊದಲು ಹೇಳೋದೇ ಅದು.”

ಹೊಲಿಗೆಯಮ್ಮ ಒಪ್ಪಿಬಿಟ್ಟಳು. ತಾನು ಹೇಳಿದರೆ ಹೊಲಿಯುವವಳ ಮಾತು. ಡಾಕ್ಟರು ಹೇಳಿದರೆ ಬೀಗಿತ್ತಿ ಬಾಯಿ ಮುಚ್ಚಲೇಬೇಕಲ್ಲ! ಆದರೆ ಡಾಕ್ಟರದೊಂದು ಶರತ್ತು. ಅಲ್ಲಿಯವರೆಗೆ ಮುಲಾಮು ಮುಟ್ಟಬಾರದು, ಎಲ್ಲರಿಗೂ ಚೆನ್ನಾಗಿ ಎದ್ದು ಕಾಣಬೇಕು. ಅಬ್ಬಾ, ಏನು ನ್ಯಾಯ! ವಾಸಿ ಮಾಡುವುದನ್ನು ಕಲಿಸುವುದಕ್ಕೆ ವಾಸಿಯಾಗಿದ್ದನ್ನು ಕೆಡಿಸಬೇಕಂತೆ. ಎರಡು ವಾರದಲ್ಲಿ ಕೈ ಹಸಿ ಗಾಯವಾಯಿತು. ಸೂಜಿ ಹಿಡಿಯಲಾಗದು, ಬಿಳಿ ಬಟ್ಟೆಗೆ ಕಲೆ ಹತ್ತೀತೆಂಬ ಭಯ. ಮಲಗುವಾಗ ಕೈಗೆ ಕಾಲುಚೀಲ ತೊಟ್ಟುಕೊಂಡು ಹಲ್ಲು ಕಚ್ಚಿಕೊಂಡು ಮಲಗಿದಳು. ಇಂಥ ಕೈ ಇಟ್ಟುಕೊಂಡು ಮಗಳ ಮನೆಗೆ ಹೋಗುವುದು ಬೇಡವೆಂದು ಆ ಎರಡು ವಾರ ಅತ್ತ ಸುಳಿಯಲೂ ಇಲ್ಲ.

ತರಬೇತಿಯ ದಿನ ಸಭಾಂಗಣದ ಮುಂದೆ ಒಂದು ಸ್ಟೂಲು, ಮೇಲೆ ಪ್ರಖರ ದೀಪ. ಹೊಲಿಗೆಯಮ್ಮ ರವಿಕೆಯ ತೋಳು ಮೇಲಕ್ಕೆ ಮಡಿಸಿ ಕೂತಳು. ನಡುವಿನ ಸಾಲಿನಲ್ಲಿ ಬೀಗಿತ್ತಿ. ಇವಳನ್ನು ಕಂಡವಳೇ ಕೆನ್ನೆಗೆ ಏಟು ತಿಂದವಳ ಹಾಗೆ ಮುಖ ಮಾಡಿ, ಪರಿಚಯವೇ ಇಲ್ಲದವಳಂತೆ ಗೋಡೆ ನೋಡಿದಳು. ನೋಡಲಿ ಬಿಡು, ಕಿವಿಯಂತೂ ಇತ್ತಲ್ಲ.

ಡಾಕ್ಟರು ಕೊಟ್ಟ ಮಾತು ಉಳಿಸಿಕೊಂಡರು. “ಇದು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಜನ ಅಂಟುತ್ತೆ ಅಂತಾರೆ. ನೀವೂ ಹಾಗೇ ಅಂದ್ರೆ ನಿಮಗೂ ಅವರಿಗೂ ಏನು ವ್ಯತ್ಯಾಸ?” ಉಗುರುಬೆಚ್ಚಗಿನ ನೀರಿನ ಸ್ನಾನ, ಮೈ ಪೂರ್ತಿ ಆರುವ ಮೊದಲೇ ಹಚ್ಚಬೇಕಾದ ಜಿಡ್ಡು, ಮುಲಾಮು ಎಷ್ಟು, ಎಲ್ಲಿ, ಎಷ್ಟು ದಿನ, ಎಲ್ಲ ಹೇಳಿದರು. ಕೊನೆಗೆ, “ಬನ್ನಿ, ಗ್ಲೌಸ್ ಬೇಡ, ಬರಿಗೈಯಲ್ಲಿ ಮುಟ್ಟಿ ನೋಡಿ” ಅಂದರು.

ಸಾಲುಗಟ್ಟಿ ಬಂದರು. ಬೀಗಿತ್ತಿಯೂ ಬಂದಳು. ತಣ್ಣಗಿನ ಎರಡು ಬೆರಳು ಮೊಣಕೈ ಮಡಿಕೆಯ ಮೇಲೆ ನಿಂತವು, ಮಣಿಕಟ್ಟಿನವರೆಗೆ ಸರಿದವು. ಹೊಲಿಗೆಯಮ್ಮನ ಕಣ್ಣು ತುಂಬಿ ಬಂತು. ಮುಟ್ಟಿದಳಲ್ಲ! ಇನ್ನೇನು ಬೇಕು?

ಬೀಗಿತ್ತಿ ತನ್ನ ಜಾಗಕ್ಕೆ ಹೋಗಿ ಕೈಯೆತ್ತಿದಳು. “ಡಾಕ್ಟ್ರೇ, ಅಂಟಲ್ಲ, ಸರಿ. ವಂಶದಲ್ಲಿ ಬರುತ್ತಾ?”

“ಒಳ್ಳೇ ಪ್ರಶ್ನೆ. ಬರಬಹುದು. ಮನೆಯಲ್ಲಿ ಯಾರಿಗಾದ್ರೂ ಇದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಜಾಸ್ತಿ. ಬಂದೇ ಬರುತ್ತೆ ಅಂತಲ್ಲ. ಬಂದ್ರೆ ಯಾರ ತಪ್ಪೂ ಅಲ್ಲ. ಚೆನ್ನಾಗಿ ನೋಡ್ಕೊಂಡ್ರೆ ಎಷ್ಟೋ ಮಕ್ಕಳಿಗೆ ದೊಡ್ಡವರಾಗ್ತಾ ಕಡಿಮೆಯಾಗುತ್ತೆ.”

“ಎಳೇ ಮಕ್ಕಳಲ್ಲಿ ಮೊದಲು ಎಲ್ಲಿ ಕಾಣ್ಸುತ್ತೆ?”

“ಹೆಚ್ಚಾಗಿ ಕೆನ್ನೆ ಮೇಲೆ.”

ಬೀಗಿತ್ತಿ ತಲೆಯಾಡಿಸಿ ಕೂತಳು. ಆ ಮಾತು ಹೊಲಿಗೆಯಮ್ಮನ ಕಿವಿಗೆ ಬಿತ್ತೇ ಹೊರತು ತಲೆಗೆ ಹತ್ತಲಿಲ್ಲ. ನಾಳೆ ಮಗುವನ್ನು ಎತ್ತಿಕೊಳ್ಳುವ ಸಂಭ್ರಮದಲ್ಲಿ ತೇಲುತ್ತಿದ್ದಳು, ಪಾಪ.

ಮರುದಿನ ಬಾಗಿಲು ತೆರೆದವಳು ಬೀಗಿತ್ತಿಯೇ. “ಬನ್ನಿ ಬೀಗ್ರೇ, ಒಳಗೆ ಬನ್ನಿ” ಅಂದಳು. ತೊಟ್ಟಿಲಿಗೆ ಹೋಗಿ ತಾನೇ ಮಗುವನ್ನೆತ್ತಿ ತಂದು ಹೊಲಿಗೆಯಮ್ಮನ ತೋಳಿಗೆ ಹಾಕಿದಳು. ಎಷ್ಟು ಭಾರ ಇದ್ದ ಕಳ್ಳ! ಹಾಲಿನ ವಾಸನೆ, ಬೆಚ್ಚಗಿನ ನೆತ್ತಿ. ಎದೆಗೊತ್ತಿಕೊಂಡು ಮುತ್ತಿಡಲು ಅದರ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

ಎರಡೂ ಕೆನ್ನೆ ಕೆಂಪಗೆ ಒಡೆದಿದ್ದವು. ಒಂದು ಕಡೆ ನೀರಾಡುತ್ತಿತ್ತು.

“ನೀವು ಬರದೇ ಇದ್ದಾಗ ಶುರುವಾಯ್ತು,” ಅಂದಳು ಬೀಗಿತ್ತಿ. “ಸೋಪು ಇರಬಹುದು, ಪೌಡರ್ ಇರಬಹುದು ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ. ನಿನ್ನೆ ಡಾಕ್ಟ್ರು ಕಣ್ಣು ತೆರೆಸಿದ್ರು. ಎತ್ಕೊಳ್ಳಿ, ಚೆನ್ನಾಗಿ ಎತ್ಕೊಳ್ಳಿ. ಅಂಟಲ್ವಲ್ಲ! ಬರೋದು ಆಗಲೇ ಬಂದಾಗಿದೆ, ನಿಮ್ಮ ರಕ್ತದಿಂದ.”

“ಯಾರ ತಪ್ಪೂ ಅಲ್ಲ ಅಂತಾನೂ ಅಂದ್ರಲ್ಲ ಡಾಕ್ಟ್ರು...”

“ಅಂದ್ರು. ಅವರಿಗೇನು, ಅವರ ಮೊಮ್ಮಗನ ಕೆನ್ನೆನಾ?”

ಹೊಲಿಗೆಯಮ್ಮ ಮಗಳ ಕಡೆ ನೋಡಿದಳು. ಇವಳಾದರೂ ಒಂದು ಮಾತು ಆಡಿಯಾಳೆಂದು ನೋಡಿದಳು. ಮಗಳ ಕಣ್ಣು ಅತ್ತು ಊದಿಕೊಂಡಿತ್ತು. ಬೆಳಗಿನಿಂದ ಆ ಮನೆಯಲ್ಲಿ ಏನೇನು ಮಾತು ಬಿದ್ದಿತ್ತೋ, ಎಲ್ಲವೂ ಆ ಮುಖದಲ್ಲಿತ್ತು.

“ಇದು ವಂಶದಲ್ಲಿ ಬರುತ್ತೆ ಅಂತ ನಿನಗೆ ಗೊತ್ತಿತ್ತೇನಮ್ಮಾ?” ಅಂದಳು ಮಗಳು. “ಗೊತ್ತಿದ್ರೆ ಮದುವೆಗೆ ಮುಂಚೆನೇ ನನಗೊಂದು ಮಾತು ಹೇಳ್ಬಾರದಿತ್ತಾ? ಈಗ ನಾನು ದಿನಾ ಈ ಮನೆಯಲ್ಲಿ ಇದನ್ನ ಕೇಳ್ಕೊಂಡು ಬದುಕ್ಬೇಕಲ್ಲ.”

“ಇಲ್ಲ ಕಣೇ, ನನ್ನಾಣೆ ಗೊತ್ತಿರ್ಲಿಲ್ಲ.”

ಮಗಳು ನಂಬಿದಳೋ ಇಲ್ಲವೋ, ಮುಖ ತಿರುಗಿಸಿದಳು. ತೋಳಿನಲ್ಲಿದ್ದ ಮಗು ಒಂದೇ ಸಮ ಕೆನ್ನೆಯನ್ನು ಅಜ್ಜಿಯ ಒರಟು ಮುಂಗೈಗೆ ಉಜ್ಜತೊಡಗಿತು. ಆ ತುರಿಕೆ ಎಂಥದೆಂದು, ಎಷ್ಟು ಉಜ್ಜಿದರೂ ತೀರದೆಂದು, ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಇಷ್ಟು ವರ್ಷ ಲೋಕವೆಲ್ಲ ಹೇಸಿದರೂ ಅವಳು ತನ್ನ ಕೈಗಳಿಗೆ ಹೇಸಿದವಳಲ್ಲ. ಅವತ್ತು ಹೇಸಿದಳು. ಯಾರೂ ಹೇಳದೆಯೇ ಮಗುವನ್ನು ಮಗಳ ಮಡಿಲಿಗೆ ಹಾಕಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.