ಬಿಸಿ ಕಡಲು

ಮುನಿಶಾಮಿ ಕಡಲು ನೋಡಿದವರಲ್ಲ. ಮೂವತ್ತು ವರ್ಷ ಉರಿಗಾಂನ ಚಿನ್ನದ ಗಣಿಯೊಳಗೆ, ಬಂಡೆ ಕುಸಿಯದಂತೆ ಮರದ ಕಂಬ ನಿಲ್ಲಿಸುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ರಟ್ಟು ಹರಿದ ಹಳೆಯ ಕಡಲ ಕಥೆಗಳ ಪುಸ್ತಕವೊಂದು ಕೈಗೆ ಸಿಕ್ಕಿತು. ಅದರಲ್ಲೊಂದು ಮುಳುಗಿದ ಹಡಗಿತ್ತು. ಓದಿ ಓದಿ, 1991ರ ಬೇಸಿಗೆಯಲ್ಲಿ ಆ ಹಡಗನ್ನು ಕಟ್ಟಿಯೇಬಿಟ್ಟರು.

ನಮ್ಮ ಬಂಗಾರಪೇಟೆ ಕಾಲೇಜಿನಿಂದ ನೋಡಲು ಹೋಗಿದ್ದೆವು. ಕಾರ್ಮಿಕ ಸಂಘದ ಸಭಾಂಗಣದ ತುಂಬ ಗಣಿಯ ಹಳೇ ಮರದ ಹಡಗು. ಕಪ್ಪು ಬಣ್ಣದಲ್ಲಿ ಅದ್ದಿದ ಗೋಣಿಯ ಅಲೆಗಳು ಸೂರಿನಿಂದ ಇಳಿಬಿದ್ದಿದ್ದವು. ನಾವು ನಿಂತದ್ದು ಕಡಲ ತಳದಲ್ಲಿ. ಹಡಗಿನಡಿ ಹತ್ತಾರು ಬಲ್ಬುಗಳು ಉರಿಯುತ್ತಿದ್ದವು. ಒಳಗೆ ಬಂದವರೆಲ್ಲ ಬೆವೆತರು.

"ಬೇತಮಂಗಲದ ಕೆರೆ ಬಿಟ್ರೆ ನೀರೇ ಕಂಡಿಲ್ಲ, ಅಡಗು ಕಟ್ಟವ್ನೆ ನೋಡ್ಲಾ!" ಮುನಿಶಾಮಿಯವರ ಪಕ್ಕದ ಮನೆಯ ಸೊಣ್ಣಪ್ಪ ನಗುತ್ತಿದ್ದರು.

ಹಡಗಿನ ಪಕ್ಕೆಗೆ ಸಾಲು ಕೊಕ್ಕೆಗಳು, ಅವುಗಳಲ್ಲಿ ನಂಬರು ಬರೆದ ತಗಡಿನ ಬಿಲ್ಲೆಗಳು. ಗಣಿಗೆ ಇಳಿಯುವಾಗ ಪ್ರತಿಯೊಬ್ಬ ಕಾರ್ಮಿಕನೂ ತನ್ನ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಾಗ ಅದೇ ಕೊಕ್ಕೆಗೆ ಹಾಕಬೇಕು. ಕೊನೆಯ ಕೊಕ್ಕೆ ಖಾಲಿ. ಅದು ಗಣಿಯ ಜೊತೆಗಾರ ಆರುಮುಗಂ ಅವರದು. ಹದಿನಾರು ವರ್ಷದ ಹಿಂದೆ ಬಂಡೆ ಕುಸಿದಾಗ ಒಳಗೇ ಉಳಿದರು, ದೇಹವೂ ಸಿಗಲಿಲ್ಲ. ಅವರ ಹೆಂಡತಿ ಕನಕಮ್ಮ ಅವತ್ತು ಬರುವವರಿದ್ದರು.

"ಆಯಮ್ಮ ಬ್ಯಾಡ ಅಂದ್ರೆ ಅಡಗೇ ಬಿಚ್ಚಾಕ್ತೀನಿ," ಎಂದು ಮುನಿಶಾಮಿ ಬೆಳಗಿನಿಂದ ಹೇಳುತ್ತಲೇ ಇದ್ದರು.

ಕನಕಮ್ಮ ಬಂದರು. ಖಾಲಿ ಕೊಕ್ಕೆಯ ಮುಂದೆ ನಿಂತರು. ಸೆಕೆ ತಡೆಯಲಾರದೆ ನಮ್ಮ ಭೂಗೋಳದ ಮೇಷ್ಟ್ರು ಶ್ರೀನಿವಾಸಪ್ಪನವರು ಕೇಳಿದರು: "ಈ ಬಲ್ಬೆಲ್ಲ ಯಾಕೆ, ಮುನಿಶಾಮಿಯವರೇ?"

"ಆಳಕ್ಕೆ ಓದಷ್ಟೂ ಕಾವಲ್ವಾ ಸಾರ್? ಮುಳುಗಿದೋರ್ಗೆ ಎಷ್ಟು ಕಾವಿರಬೇಕು!"

"ಅದು ಭೂಮಿಯೊಳಗೆ. ಕಡಲು ಆಳಕ್ಕೆ ಹೋದಷ್ಟೂ ತಣ್ಣಗಿರುತ್ತೆ."

ಮುನಿಶಾಮಿಯವರ ಮುಖ ಸಣ್ಣದಾಯಿತು. ಸೊಣ್ಣಪ್ಪ ಕೂಡ ನಗಲಿಲ್ಲ.

ಕನಕಮ್ಮ ತಿರುಗಿದರು. "ತಣ್ಣಗಿರ್ತದಾ? ನಿಜಾನಾ ಸಾರ್?"

"ನಿಜ ಕಣಮ್ಮ. ಐಸಿನಷ್ಟು."

"ದಿನಾ ಅವ್ರು ಮನೇಗ್ ಬಂದ್ರೆ ಬೆವ್ರಿನ ಅಂಗಿ ಇಂಡೋದೇ ನನ್ ಕೆಲ್ಸ. ಕಾವು ತಡಿಯಾಕಾಗಲ್ಲ ಕನಕಾ ಅನ್ನೋರು." ಅವರು ಕೊಕ್ಕೆಯನ್ನು ಒಮ್ಮೆ ಮುಟ್ಟಿದರು. "ಇದು ಅಂಗೇ ಇರ್ಲಿ, ಅಣ್ಣಯ್ಯ. ಆ ಬಲ್ಬುಗಳ್ನ ತೆಗೀರಿ."

ಸ್ವಿಚ್ಚು ಆರಿಸಿದ್ದರೆ ಸಾಕಿತ್ತು. ಆರಿಸಿದ ಮೇಲೂ ಮುನಿಶಾಮಿ ಮಂಡಿಯೂರಿ, ಟವಲಿನ ತುದಿ ಹಿಡಿದು, ಒಂದೊಂದೇ ಬಿಸಿ ಬಲ್ಬನ್ನು ಬಿಚ್ಚತೊಡಗಿದರು. ಕನಕಮ್ಮ ಪಕ್ಕದಲ್ಲೇ ಕೂತು ಸೆರಗೊಡ್ಡಿದರು.